ಜಾಗ ಮತ್ತು ಇಂಬು



ಬೇರೆ ಬೇರೆ ವಾಹನಗಳ ಒಳಗೆ ದೊರೆಯುವ ಸ್ಥಳವೆಷ್ಟು, ಅಲ್ಲಿಯ ಆಸನಗಳ ಸುಖವೆಂಥದು ಎಂಬುದನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಆಯುಷ್ಯವೆಲ್ಲ ಕನ್ನಡ ಪಾಠ ಹೇಳಿದ ಮಾಸ್ತರನಿಗೂ ಈ ವಿಷಯಕ್ಕೂ ಏನು ಸಂಬಂಧವೆಂದು ನಿಮಗೆ ಅನ್ನಿಸಬಹುದು. ಸಂಬಂಧ ಎರಡು ಬಗೆಯದು. ಸಮೀರವಾಡಿಯ ಆಸುಪಾಸಿನಲ್ಲಿ ಬೆಳೆದು, ಮುಧೋಳ, ಜಮಖಂಡಿ, ಮಹಾಲಿಂಗಪುರಗಳ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ ಓಡಾಡಿಕೊಂಡೇ ನೌಕರಿ ಮಾಡಿದವನು ನಾನು. ತರಗತಿಯಲ್ಲಿ ನಿಂತ ಹೊತ್ತಿಗಿಂತ ವಾಹನಗಳಲ್ಲಿ ಕುಳಿತ ಹೊತ್ತೇ ಹೆಚ್ಚಾದೀತು. ಇದು ಒಂದು ಸಂಬಂಧ. ಇನ್ನೊಂದು, ಈ ವಿಷಯವನ್ನು ವಿವೇಚಿಸಲು ಬೇಕಾದ ಬಲು ಒಳ್ಳೆಯ ಶಬ್ದವೊಂದು ನಮ್ಮ ಹಳಗನ್ನಡದಲ್ಲಿದೆ. ಆ ಶಬ್ದ ‘ಇಂಬು’.

ಇಂಬು ಎಂದರೆ ಸ್ಥಳ. ಇಂಬು ಎಂದರೆ ಆಸರೆ. ಇಂಬು ಎಂದರೆ ಹಿತವಾದದ್ದು ಎಂದೂ ಆಗುತ್ತದೆ. ಮೂರು ಅರ್ಥಗಳೂ ಒಂದೇ ಶಬ್ದದಲ್ಲಿ ಜಗಳವಿಲ್ಲದೆ ಕೂಡಿಕೊಂಡಿವೆ. ಈಗಿನ ಬರವಣಿಗೆಯಲ್ಲಿ ಈ ಶಬ್ದ ಅಪರೂಪವಾಗಿದೆ ಎನ್ನುವುದು ನಿಜ. ಆದರೆ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಪ್ರತಿ ರಾತ್ರಿಯೂ ಅದು ಬಳಕೆಯಾಗುತ್ತದೆ. ಹಾಸಿಗೆಯ ದಿಂಬನ್ನು ನಾವು ‘ತಲೆಗಿಂಬು’ ಎನ್ನುತ್ತೇವೆ. ತಲೆಗೆ ಇಂಬು, ತಲೆಗಿಂಬು. ತಲೆಗೆ ಬೇಕಾದ ಸ್ಥಳ, ತಲೆಗೆ ಬೇಕಾದ ಆಸರೆ, ತಲೆಗೆ ಬೇಕಾದ ಹಿತ. ‘ಜಾಗ’ ಎಂಬುದು ಪಾರಸಿಯ ಕಡೆಯಿಂದ ಬಂದ ಮಾತು. ಅದನ್ನು ಟೇಪು ಹಿಡಿದು ಇಷ್ಟು ಅಡಿ, ಇಷ್ಟು ಅಂಗುಲವೆಂದು ಅಳೆಯಬಹುದು. ಇಂಬನ್ನು ಅಳೆಯಲು ಟೇಪು ಸಾಲದು. ಕುಳಿತವರ ಬೆನ್ನು, ಮೊಣಕಾಲು, ಕುತ್ತಿಗೆಗಳ ಜೊತೆಗೆ ಪಕ್ಕದಲ್ಲಿ ಕುಳಿತವರ ಮನಸ್ಸೂ ಆ ಲೆಕ್ಕದಲ್ಲಿ ಸೇರುತ್ತದೆ. ಈ ಎರಡು ಶಬ್ದಗಳನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಸೀಮೆಯ ವಾಹನಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಚಕ್ಕಡಿ. ಹಿರಿತನಕ್ಕೆ ಮರ್ಯಾದೆ ಕೊಡುವುದು ನಮ್ಮ ಪದ್ಧತಿ. ಚಕ್ಕಡಿಯಲ್ಲಿ ಆಸನವೆಂಬುದೇ ಇಲ್ಲ, ಇರುವುದು ಹಲಗೆಯ ನೆಲ ಒಂದೇ. ಅಚ್ಚಿಗೂ ಹಲಗೆಗೂ ನಡುವೆ ಸ್ಪ್ರಿಂಗಿನ ಹೆಸರಿಲ್ಲ. ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ. ದಾರಿಯ ಪ್ರತಿಯೊಂದು ಕಲ್ಲೂ ನೇರವಾಗಿ ಬೆನ್ನೆಲುಬಿಗೆ ಸುದ್ದಿ ಮುಟ್ಟಿಸುತ್ತದೆ. ಇಷ್ಟಾದರೂ ಮಹಾಲಿಂಗೇಶ್ವರನ ಜಾತ್ರೆಗೆ ಮುದುಕರು, ಬಾಣಂತಿಯರು ಚಕ್ಕಡಿಯಲ್ಲಿ ಸಂತೋಷವಾಗಿ ಹೋಗಿ ಬರುತ್ತಿದ್ದರು. ಹೇಗೆಂದರೆ, ಹಲಗೆಯ ಮೇಲೆ ಕಣಿಕೆಯನ್ನೋ ಹುಲ್ಲನ್ನೋ ದಪ್ಪನಾಗಿ ಹರಡಿ, ಅದರ ಮೇಲೆ ಕೌದಿ ಹಾಸಿ, ಮೇಲೆ ಕಮಾನು ಕಟ್ಟುತ್ತಿದ್ದರು. ಆಸನವಿಲ್ಲದ್ದರಿಂದಲೇ ಒಂದು ಅನುಕೂಲವೂ ಇತ್ತು. ಕಾಲು ಚಾಚಬಹುದು, ಮಡಚಬಹುದು, ಒರಗಬಹುದು, ಮಗುವನ್ನು ಮಲಗಿಸಬಹುದು. ಒಂದೇ ಭಂಗಿಯಲ್ಲಿ ಕುಳಿತಿರಲೇಬೇಕೆಂಬ ಕಟ್ಟಳೆಯಿಲ್ಲ. ಮನುಷ್ಯನ ಶರೀರಕ್ಕೆ ಒಂದೇ ಭಂಗಿ ಬಹಳ ಹೊತ್ತು ಹಿಡಿಸುವುದಿಲ್ಲವೆಂದು ಈಗಿನ ಆಸನ ಶಾಸ್ತ್ರಜ್ಞರೂ ಹೇಳುತ್ತಾರೆ. ಎಷ್ಟೇ ಒಳ್ಳೆಯ ಕುರ್ಚಿಯಾದರೂ ಮಿಸುಕಾಡಲು ಬಿಡದಿದ್ದರೆ ಅದು ಶಿಕ್ಷೆಯೇ.

ಚಕ್ಕಡಿಯಲ್ಲಿ ಇನ್ನೊಂದು ವಿಶೇಷವಿತ್ತು. ಎರಡೇ ಗಾಲಿಯ ವಾಹನವಾದ್ದರಿಂದ ಕುಳಿತವರ ಭಾರ ಅಚ್ಚಿನ ಹಿಂದೆಮುಂದೆ ಸಮನಾಗಿ ಹಂಚಿರಬೇಕು. ಭಾರ ಮುಂದಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದಾದರೆ ನೊಗ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ. ಆದುದರಿಂದ ಏರು ಬಂದಾಗ ಚಕ್ಕಡಿ ಹೊಡೆಯುವವನು, “ಯವ್ವಾ, ತುಸು ಮುಂದ ಸರೀರಿ, ಹಿಂದ ಭಾರ ಆಗೇತಿ” ಎನ್ನುತ್ತಿದ್ದ. ಎಲ್ಲರೂ ಮುಂದೆ ಸರಿಯುತ್ತಿದ್ದರು. ಇಳಿಜಾರು ಬಂದಾಗ ಹಿಂದೆ ಸರಿಯುತ್ತಿದ್ದರು. ಕುಳಿತವರ ಸುಖದ ಲೆಕ್ಕದಲ್ಲಿ ಎತ್ತಿನ ಕೊರಳೂ ಸೇರಿದ್ದಂಥ ವಾಹನ ಅದು.

ಟಾಂಗಾದಲ್ಲಿಯೂ ಇದೇ ನಿಯಮ. ಮುಧೋಳ, ಜಮಖಂಡಿಗಳೆರಡೂ ಸಂಸ್ಥಾನಗಳಾಗಿದ್ದ ಊರುಗಳು, ಅಲ್ಲಿ ಟಾಂಗಾಗಳಿಗೆ ಒಂದು ಕಾಲದಲ್ಲಿ ಬೆಲೆಯಿತ್ತು. ಟಾಂಗಾಕ್ಕೆ ಸ್ಪ್ರಿಂಗಿನ ಪಟ್ಟಿಗಳಿರುತ್ತಿದ್ದವು, ಬೆನ್ನಿಗೆ ಬೆನ್ನು ಕೊಟ್ಟ ಎರಡು ಆಸನಗಳಿರುತ್ತಿದ್ದವು. ಮುಂದಿನವರು ಕುದುರೆಯ ಕಡೆಗೆ, ಹಿಂದಿನವರು ಬಿಟ್ಟು ಬಂದ ದಾರಿಯ ಕಡೆಗೆ ಮುಖ ಮಾಡಿ ಕುಳಿತುಕೊಳ್ಳಬೇಕು. ಎರಡು ಸಾಲಿಗೂ ಬೆನ್ನಾಸರೆ ಒಂದೇ. ಅರ್ಥಾತ್ ನಿಮ್ಮ ಬೆನ್ನಿನ ಸುಖ ಮುಖ ಕಾಣದ ಮತ್ತೊಬ್ಬ ಪ್ರಯಾಣಿಕನ ಬೆನ್ನಿನ ಮೇಲೆಯೂ ನಿಂತಿರುತ್ತಿತ್ತು. ಸ್ಥೂಲಕಾಯದವರು ಬಂದರೆ ಟಾಂಗಾದವನು ಅವರನ್ನು ಎಲ್ಲಿ ಕೂಡಿಸಬೇಕೆಂದು ಒಂದು ಕ್ಷಣ ವಿಚಾರ ಮಾಡುತ್ತಿದ್ದ. ಅದು ಅಪಮಾನವಲ್ಲ, ತೂಕದ ಶಾಸ್ತ್ರ.

ಇಲ್ಲಿ ಶರೀರದ ವಿಷಯವಾಗಿ ಒಂದೆರಡು ಮಾತು ಹೇಳಬೇಕು. ಕುಳಿತ ಮನುಷ್ಯನ ದೇಹ ಎಲ್ಲ ಕುಲುಕಾಟವನ್ನೂ ಒಂದೇ ರೀತಿಯಾಗಿ ಸಹಿಸುವುದಿಲ್ಲ. ಸೆಕೆಂಡಿಗೆ ಒಂದು ಬಾರಿ, ಒಂದೂವರೆ ಬಾರಿ ಮೇಲೆ ಕೆಳಗೆ ಆಡಿದರೆ ನಮಗೆ ಹಿತವೆನಿಸುತ್ತದೆ. ಅದು ಹೆಚ್ಚುಕಡಿಮೆ ನಮ್ಮ ನಡಿಗೆಯ ಲಯ. ಒಳ್ಳೆಯ ಕಾರಿನ ಸ್ಪ್ರಿಂಗುಗಳನ್ನು ಈ ಲಯಕ್ಕೆ ಹತ್ತಿರವಾಗಿಯೇ ಹೊಂದಿಸಿರುತ್ತಾರೆ. ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿ ಕುಲುಕಿದರೆ ಮಾತ್ರ ಹೊಟ್ಟೆ, ಎದೆ, ಬೆನ್ನೆಲುಬುಗಳೆಲ್ಲ ಅದರೊಂದಿಗೆ ತಾವೂ ಕುಣಿಯತೊಡಗುತ್ತವೆ. ನಮ್ಮನ್ನು ಬಹಳವಾಗಿ ದಣಿಸುವ ಕುಲುಕಾಟ ಅದು. ಟ್ರ್ಯಾಕ್ಟರ್ ಹೊಡೆಯುವವರಲ್ಲಿ ಸೊಂಟನೋವು ಹೆಚ್ಚಾಗಿರುವುದಕ್ಕೆ ಇದೇ ಒಂದು ಮುಖ್ಯ ಕಾರಣ. ಆಸನದ ಎತ್ತರವೂ ಅಷ್ಟೇ ಮಹತ್ವದ್ದು. ಅದು ಎತ್ತರವಾದರೆ ಕಾಲು ಜೋತುಬಿದ್ದು ತೊಡೆಯ ಕೆಳಗೆ ಒತ್ತುತ್ತದೆ. ತಗ್ಗಾದರೆ ಮೊಣಕಾಲು ಎದೆಗೆ ಬರುತ್ತದೆ. ಆಸನ ಹಿಂದಕ್ಕೆ ಬಹಳ ಆಳವಾಗಿದ್ದರೆ ಗಿಡ್ಡ ಮನುಷ್ಯರ ಬೆನ್ನು ಒರಗನ್ನು ಮುಟ್ಟುವುದೇ ಇಲ್ಲ. ಇನ್ನು ಮೆತ್ತಗಿದ್ದ ಮಾತ್ರಕ್ಕೆ ಆಸನ ಸುಖವೆನ್ನುವುದೂ ಭ್ರಮೆ. ಹುಗಿದುಹೋಗುವಷ್ಟು ಮೆತ್ತಗಿನ ಗಾದಿಯಲ್ಲಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸೊಂಟಕ್ಕೆ ಆಧಾರವೇ ಇಲ್ಲದಂತಾಗುತ್ತದೆ.

ಗಾಳಿ ತುಂಬಿದ ಟೈರಿನ ಕಥೆಯನ್ನು ಇಲ್ಲಿ ನೆನೆಯಬೇಕು. ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್ಲಪ್ ಎಂಬ ಪಶುವೈದ್ಯನಿದ್ದ. ಅವನ ಚಿಕ್ಕ ಮಗನ ಮೂರುಗಾಲಿಯ ಸೈಕಲ್ಲು ಕಲ್ಲು ಹಾಸಿದ ದಾರಿಯಲ್ಲಿ ಗಡಗಡ ಕುಲುಕುತ್ತಿತ್ತು. ಅದನ್ನು ಕಂಡು ಅವನು ಗಾಲಿಗೆ ಗಾಳಿ ತುಂಬಿದ ರಬ್ಬರಿನ ಕೊಳವೆ ಸುತ್ತಿ ನೋಡಿದ. 1888ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದ. ಅವನಿಗಿಂತ ಮೊದಲೇ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಇಂಥ ಗಾಲಿಯನ್ನು ಯೋಚಿಸಿದ್ದನಾದರೂ ಅದು ಬಳಕೆಗೆ ಬಂದದ್ದು ಡನ್ಲಪ್‌ನ ಪ್ರಯತ್ನದಿಂದ. ಜಗತ್ತಿನ ಸಾರಿಗೆಯನ್ನೆಲ್ಲ ಮೆತ್ತಗಾಗಿಸಿದ ಈ ಟೈರು ಹುಟ್ಟಿದ್ದು ಒಂದು ಮಗುವಿನ ಆಸನಸುಖಕ್ಕಾಗಿ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿರಿ, ಮುಂದೆ ಇದಕ್ಕೆ ಕೆಲಸವಿದೆ.

ಈಗ ಬಸ್ಸಿಗೆ ಬರೋಣ. 1997ರ ನವೆಂಬರಿನಿಂದ ನಮ್ಮ ಭಾಗದ ಸರಕಾರಿ ಬಸ್ಸುಗಳು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವು. ಅದಕ್ಕೂ ಮೊದಲು ಇಡೀ ರಾಜ್ಯಕ್ಕೆ ಒಂದೇ ಸಂಸ್ಥೆಯಿತ್ತು. ಸಂಸ್ಥೆಯ ಹೆಸರು ಬದಲಾದರೂ ಬಸ್ಸಿನೊಳಗಿನ ಭೂಗೋಳ ಬಹಳ ಕಾಲ ಬದಲಾಗಲಿಲ್ಲ. ಒಂದು ಕಡೆ ಮೂವರ ಆಸನ, ಇನ್ನೊಂದು ಕಡೆ ಇಬ್ಬರದು, ನಡುವೆ ಒಂದು ಕಾಲುದಾರಿ. ಪಳಗಿದ ಪ್ರಯಾಣಿಕ ಒಳಗೆ ಕಾಲಿಡುತ್ತಲೇ ಎಲ್ಲಿ ಕುಳಿತುಕೊಳ್ಳಬೇಕೆಂದು ನಿಶ್ಚಯಿಸುತ್ತಾನೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಆಸನಗಳು ಉತ್ತಮ, ಅಲ್ಲಿ ಕುಲುಕಾಟ ಕಡಿಮೆ. ಹಿಂದಿನ ಗಾಲಿಯ ಮೇಲಿನ ಆಸನದಲ್ಲಿ ನೆಲ ಉಬ್ಬಿರುತ್ತದೆಯಾದ್ದರಿಂದ ಮೊಣಕಾಲು ಗದ್ದದ ಸಮೀಪಕ್ಕೆ ಬರುತ್ತದೆ. ಕಡೆಯ ಸಾಲು ಹಿಂದಿನ ಅಚ್ಚಿನಿಂದ ಆಚೆಗೆ ಚಾಚಿಕೊಂಡಿರುತ್ತದೆ. ಏತದ ತುದಿಯಲ್ಲಿ ಕುಳಿತವನಂತೆ ಅಲ್ಲಿಯವರು ಪ್ರತಿ ತಗ್ಗಿಗೂ ಮೇಲಕ್ಕೆ ಹಾರುತ್ತಾರೆ. ಕಾಲೇಜಿನ ಹುಡುಗರು ಈ ಹಾರಾಟಕ್ಕಾಗಿಯೇ ಕಡೆಯ ಸಾಲನ್ನು ಆರಿಸಿಕೊಳ್ಳುವುದನ್ನು ನಾನು ಬಲ್ಲೆ. ಹಳೆಯ ಬಸ್ಸುಗಳಲ್ಲಿ ಎಂಜಿನ್ನಿನ ಮಗ್ಗುಲಿಗೆ ಕುಳಿತವರಿಗೆ ಬೇಸಗೆಯಲ್ಲಿ ಒಲೆಯ ಮುಂದೆ ಕುಳಿತ ಅನುಭವ.

ನಮ್ಮ ಬಸ್ಸುಗಳು ಏಕೆ ಇಷ್ಟು ಕುಲುಕುತ್ತವೆ? ಅವುಗಳಲ್ಲಿ ಬಹುಪಾಲು ಲಾರಿಯ ಅಡಿಗಟ್ಟಿನ ಸಂತತಿಗೆ ಸೇರಿದವು. ಲಾರಿಯ ಸ್ಪ್ರಿಂಗುಗಳು ಭಾರ ಹೊರಲಿಕ್ಕೆಂದು ಬಿಗಿಯಾಗಿರುತ್ತವೆ. ಬಸ್ಸು ಖಾಲಿಯಿದ್ದಾಗ ಆ ಸ್ಪ್ರಿಂಗು ಬಾಗುವುದೇ ಇಲ್ಲ, ಆಗ ಕುಲುಕಾಟ ಹೆಚ್ಚು. ಜನ ತುಂಬಿದಂತೆ ಸ್ಪ್ರಿಂಗು ಬಾಗಿ ನಡಿಗೆ ಮೆತ್ತಗಾಗುತ್ತದೆ. ಒಬ್ಬೊಬ್ಬರಿಗೆ ಸಿಗುವ ಜಾಗ ಕಡಿಮೆಯಾದಷ್ಟೂ ಎಲ್ಲರಿಗೂ ಸಿಗುವ ಹಿತ ತುಸು ಹೆಚ್ಚಾಗುವ ಈ ವಿನೋದವನ್ನು ನಾನು ಎಷ್ಟೋ ಸಲ ಅನುಭವಿಸಿ ನಕ್ಕಿದ್ದೇನೆ. ಲಾರಿಯ ಅಡಿಗಟ್ಟಿನಿಂದಲೇ ಬಂದ ಇನ್ನೊಂದು ಕಷ್ಟ ಮಾತ್ರ ನಗುವಂಥದಲ್ಲ. ಬಸ್ಸಿನ ನೆಲ ಎತ್ತರ, ಆದ್ದರಿಂದ ಮೆಟ್ಟಿಲೂ ಎತ್ತರ. ಅರವತ್ತು ದಾಟಿದ ಹೆಣ್ಣುಮಗಳು ಸೀರೆಯ ನೆರಿಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚೀಲ ಹಿಡಿದುಕೊಂಡು ಮೊದಲನೆಯ ಮೆಟ್ಟಿಲು ಹತ್ತುವುದನ್ನು ನೋಡಿದರೆ, ಆ ಮೆಟ್ಟಿಲನ್ನು ಯೋಚಿಸಿದವರ ಕಣ್ಣಮುಂದೆ ಇವರಿರಲಿಲ್ಲವೆಂಬುದು ತಿಳಿಯುತ್ತದೆ. ಬೆಂಗಳೂರಿನಲ್ಲಿ ತಗ್ಗು ನೆಲದ ಬಸ್ಸುಗಳು ಬಂದು ಎಷ್ಟೋ ವರ್ಷಗಳಾದವು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಟಿಕೆಟ್ಟಿನ ತಡೆ ಹೋಯಿತು. ಮೆಟ್ಟಿಲಿನ ತಡೆ ಉಳಿದಿದೆ.

ಬಸ್ಸಿನ ಆಸನವನ್ನು ಹಿಡಿಯುವ ನಮ್ಮ ಪದ್ಧತಿಯನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಬಸ್ಸು ನಿಲ್ದಾಣಕ್ಕೆ ಬರುವ ಮೊದಲೇ ಕಿಡಿಕಿಯೊಳಗಿಂದ ಹೆಗಲ ಮೇಲಿನ ವಲ್ಲಿಯನ್ನು ಒಗೆದು ಸೀಟು ಹಿಡಿಯುವುದು. ಆ ಬಟ್ಟೆಗೆ ಕಾನೂನಿನ ಬಲವಿಲ್ಲ, ಆದರೂ ಬಹುತೇಕ ಜನ ಅದನ್ನು ಮನ್ನಿಸುತ್ತಾರೆ. ಹೀಗೆ ವಲ್ಲಿ ಒಗೆದು ಸೀಟು ಹಿಡಿದ ಗಟ್ಟಿಮುಟ್ಟಾದ ರೈತನೇ, ಎರಡು ನಿಮಿಷದ ಮೇಲೆ ಕೂಸನ್ನೆತ್ತಿಕೊಂಡು ಬಂದ ತಾಯಿಗೆ, “ಬಾರವ್ವಾ, ಇಲ್ಲಿ ಕುಂಡ್ರು” ಎಂದು ಎದ್ದು ನಿಲ್ಲುವುದನ್ನೂ ನಾನು ಕಂಡಿದ್ದೇನೆ. ಇಬ್ಬರ ಆಸನದಲ್ಲಿ ಮೂರನೆಯವರಿಗೆ ತುದಿಯಲ್ಲಿ ಒಂದು ಗೇಣು ಬಿಟ್ಟುಕೊಡುವುದು ನಮ್ಮ ಕಡೆ ದಿನವೂ ನಡೆಯುವ ಸಂಗತಿ. ಮನೆಗೆ ಬಂದವರಿಗೆ ನಾವು ಹೇಳುವ ಮೊದಲ ಮಾತೇ “ಬರ್ರಿ, ಕುಂಡ್ರಿ.” ಹೆಸರು ಕೇಳುವುದು, ನೀರು ಕೊಡುವುದು ಆಮೇಲೆ. ಕೂಡಿಸುವುದೇ ಮೊದಲ ಸತ್ಕಾರ.

ಇನ್ನು ಕಾರುಗಳು. ಅಂಬಾಸಿಡರ್ ಕಾರನ್ನು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿಯಿಂದ ರೂಪಿಸಿ, ಬಂಗಾಲದ ಉತ್ತರಪಾರಾದಲ್ಲಿ ಹಿಂದುಸ್ಥಾನ ಮೋಟರ್ಸಿನವರು 1950ರ ದಶಕದ ಕೊನೆಯಿಂದ ತಯಾರಿಸಿದರು. ಅದರ ಮೇಲ್ಚಾವಣಿ ದುಂಡಗೆ, ಎತ್ತರವಾಗಿ ಇದ್ದುದರಿಂದ ಪಟಕಾ ಸುತ್ತಿದ ನಮ್ಮ ಹಿರಿಯರು ತಲೆ ತಗ್ಗಿಸದೆ ಕುಳಿತುಕೊಳ್ಳುತ್ತಿದ್ದರು. ಹಿಂದಿನ ಆಸನ ಸೋಫಾದಷ್ಟು ಅಗಲ. ಹಳೆಯ ಮಾದರಿಗಳಲ್ಲಿ ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲಿಯೇ ಇರುತ್ತಿದ್ದುದರಿಂದ ಮುಂದೆಯೂ ಮೂವರು ಕುಳಿತುಕೊಳ್ಳಬಹುದಾಗಿತ್ತು. ಮುಂಬಯಿಯಲ್ಲಿ ತಯಾರಾಗುತ್ತಿದ್ದ, ಆಮೇಲೆ ಪದ್ಮಿನಿಯೆಂದು ಹೆಸರಾದ ಫಿಯೆಟ್ ಕಾರಿನದೂ ಅದೇ ಬಗೆ, ಆದರೆ ಗಾತ್ರ ಕಿರಿದು. ಅಂಬಾಸಿಡರಿಗೆ ಒಂದು ದೋಷವಿತ್ತು. ಮುಂದಿನ ಎಂಜಿನ್ನಿನಿಂದ ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ದಂಡ ನೆಲದ ಕೆಳಗೆ ಸಾಗುವುದರಿಂದ ಕಾಲಿಡುವಲ್ಲಿ ನೆಲ ದಿಣ್ಣೆಯಂತೆ ಎದ್ದಿರುತ್ತಿತ್ತು. ನಡುವೆ ಕುಳಿತವರು ದಿಣ್ಣೆಯ ಆಚೆಗೊಂದು ಈಚೆಗೊಂದು ಕಾಲಿಡಬೇಕು. ಆ ಸ್ಥಾನ ಮನೆಯ ಕಿರಿಯರಿಗೇ ಮೀಸಲು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರ ಕೈಯಿಂದ ಮೊದಲ ಮಾರುತಿ 800 ಕಾರಿನ ಕೀಲಿಕೈ ಹಸ್ತಾಂತರವಾಯಿತು. ಅದು ಅಂಬಾಸಿಡರಿಗಿಂತ ಸುಮಾರು ಒಂದು ಮೀಟರು ಗಿಡ್ಡ. ನಮ್ಮೂರುಗಳಲ್ಲಿ ಅದನ್ನು ಮೊದಲು ಕಂಡವರು ಇದರೊಳಗೆ ಮನುಷ್ಯರು ಹೇಗೆ ಕೂಡಬೇಕೆಂದು ಕೇಳಿದ್ದುಂಟು. ಕುಳಿತ ಮೇಲೆ ಅವರಿಗೇ ಆಶ್ಚರ್ಯವಾಯಿತು. ಹೊರಗೆ ಸಣ್ಣದಾಗಿದ್ದುದು ಒಳಗೆ ಅಷ್ಟು ಸಣ್ಣದಾಗಿರಲಿಲ್ಲ. ಇದರ ಗುಟ್ಟು ಎಂಜಿನ್ನನ್ನು ಅಡ್ಡಲಾಗಿ ಇಟ್ಟು ಮುಂದಿನ ಗಾಲಿಗಳಿಗೇ ಶಕ್ತಿ ಕೊಟ್ಟದ್ದರಲ್ಲಿದೆ. ಹಿಂದಕ್ಕೆ ಹೋಗುವ ದಂಡವಿಲ್ಲ, ಆದ್ದರಿಂದ ದೊಡ್ಡ ದಿಣ್ಣೆಯೂ ಇಲ್ಲ. ಅಲೆಕ್ ಇಸಿಗೋನಿಸ್ ಎಂಬ ಶಿಲ್ಪಿ 1959ರಲ್ಲಿ ಇಂಗ್ಲೆಂಡಿನ ಮಿನಿ ಕಾರಿನಲ್ಲಿ ಇದೇ ಯುಕ್ತಿಯಿಂದ ಹತ್ತು ಅಡಿಯ ಗಾಡಿಯಲ್ಲಿ ನಾಲ್ವರನ್ನು ಕೂಡಿಸಿ ತೋರಿಸಿದ್ದ. ಯಂತ್ರ ತಾನು ಸರಿದು ಮನುಷ್ಯನಿಗೆ ಎಡೆ ಮಾಡಿಕೊಟ್ಟಿತು. ಅಂಬಾಸಿಡರ್ ಮತ್ತು ಮಾರುತಿ 800, ಎರಡರ ತಯಾರಿಕೆಯೂ 2014ನೆಯ ಒಂದೇ ವರ್ಷದಲ್ಲಿ ನಿಂತುಹೋಯಿತು.

ಎರಡರಲ್ಲಿ ಯಾವುದು ಮೇಲು? ಅದು ಕುಳಿತವರು ಯಾರು ಎಂಬುದರ ಮೇಲಿದೆ. ನಮ್ಮ ಕಡೆಯವರು ದೊಡ್ಡ ಬೇನೆ ಬಂದರೆ ಮಿರಜಿಗೆ ಹೋಗುತ್ತಾರೆ, ಬಹಳ ಹಿಂದಿನಿಂದಲೂ ಇದು ರೂಢಿ. ನನ್ನ ತಾಯಿಗೆ ತೊಡೆಯ ಎಲುಬು ಮುರಿದು ಶಸ್ತ್ರಕ್ರಿಯೆಯಾದಾಗ ಅಲ್ಲಿಂದ ಮರಳಿ ಕರೆತರಲು ಬಾಡಿಗೆಯ ಅಂಬಾಸಿಡರನ್ನೇ ಹುಡುಕಿದೆವು. ಹಿಂದಿನ ಆಸನದ ಉದ್ದಕ್ಕೂ ಕೌದಿ ಹಾಸಿ ಮಲಗಿಸಿದೆವು. ತಲೆ ನನ್ನ ತೊಡೆಯ ಮೇಲೆ. ಕುಡಚಿಯ ದಾರಿ ಆಗ ಬಲು ಕೆಟ್ಟಿತ್ತು. ಡ್ರಾಯವರನು ಪ್ರತಿ ತಗ್ಗಿನ ಮುಂದೆಯೂ ವೇಗ ಇಳಿಸಿ, “ಅವ್ವಾರ, ಒಂದು ತಗ್ಗು ಬಂತರಿ” ಎಂದು ಮೊದಲೇ ಹೇಳುತ್ತಿದ್ದ. ಹೇಳಿದ ಮೇಲೆ ಬರುವ ಕುಲುಕಾಟ ಹೇಳದೆ ಬರುವುದಕ್ಕಿಂತ ಕಡಿಮೆ ನೋಯಿಸುತ್ತದೆಂದು ನನ್ನ ತಾಯಿ ಆಮೇಲೆ ಅನ್ನುತ್ತಿದ್ದಳು. ನಮ್ಮ ಜಿಲ್ಲೆಗಳಲ್ಲಿ ಅಂಬಾಸಿಡರ್ ಎಷ್ಟು ಮದುಮಕ್ಕಳನ್ನು ಹೊತ್ತಿತೋ ಅಷ್ಟೇ ರೋಗಿಗಳನ್ನೂ ಹೊತ್ತಿದೆ. ಆ ಕಾರಿನ ಜಾಗವನ್ನು ಹಿಂದುಸ್ಥಾನ ಮೋಟರ್ಸಿನವರು ಕೊಟ್ಟಿದ್ದರು. ಅದನ್ನು ಇಂಬಾಗಿಸಿದವನು ಆ ಡ್ರಾಯವರ.

ಆದರೆ ಈ ಮಾತನ್ನು ಹೇಳುವಾಗ ಒಂದು ಎಚ್ಚರಿಕೆ ಬೇಕು. ಇಂಬನ್ನು ಹೊಗಳುತ್ತ ಹೊಗಳುತ್ತ ಜಾಗವನ್ನು ಮರೆಯಬಾರದು. ನಮ್ಮ ಹಳ್ಳಿಗಳ ದಾರಿಯಲ್ಲಿ ಓಡುವ ಟ್ರ್ಯಾಕ್ಸು, ಕ್ರೂಸರುಗಳನ್ನು ನೋಡಿರಿ. ಹಿಂಭಾಗದಲ್ಲಿ ಎದುರುಬದುರಾದ ಆಸನಗಳು. ಒಬ್ಬರ ಮೊಣಕಾಲುಗಳ ನಡುವೆ ಎದುರಿನವರ ಮೊಣಕಾಲು ಬಾಚಣಿಕೆಯ ಹಲ್ಲುಗಳಂತೆ ಹೆಣೆದುಕೊಳ್ಳುತ್ತವೆ. ಪಕ್ಕಕ್ಕೆ ಮುಖ ಮಾಡಿ ಕುಳಿತದ್ದರಿಂದ ಬ್ರೇಕು ಹಾಕಿದಾಗಲೆಲ್ಲ ಎಲ್ಲರೂ ಒಟ್ಟಿಗೆ ಮುಂದಕ್ಕೆ ಜೋಲುತ್ತಾರೆ. ಟಂಟಂ ಎಂದು ನಾವು ಕರೆಯುವ ಮೂರುಗಾಲಿಯ ಗಾಡಿಯಲ್ಲಿ ಹೊಡೆಯುವವನ ಎಡಕ್ಕೊಬ್ಬ, ಬಲಕ್ಕೊಬ್ಬ ಕುಳಿತು, ಅವನೇ ಅರ್ಧ ಆಸನದಲ್ಲಿ ಇರುತ್ತಾನೆ. ಇಷ್ಟಾದರೂ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಂಡು, “ಅಡ್ಜಸ್ಟ್ ಮಾಡ್ಕೊಳ್ರಿ” ಎನ್ನುತ್ತಾನೆ. ನಾವೂ ಮಾಡಿಕೊಳ್ಳುತ್ತೇವೆ. ಒಬ್ಬರಿಗೊಬ್ಬರು ಸರಿದು ಕೊಡುವ ನಮ್ಮ ಸ್ವಭಾವವೇ ಇಲ್ಲಿ ಮತ್ತೊಬ್ಬನ ಗಳಿಕೆಯ ಬಂಡವಾಳವಾಗುತ್ತದೆ. ಇಂಬು ಕೊಡುವುದು ಪ್ರಯಾಣಿಕನ ಧರ್ಮ. ಜಾಗ ಕೊಡುವುದು ವಾಹನ ಓಡಿಸುವವರ ಕರ್ತವ್ಯ. ಒಂದರಿಂದ ಇನ್ನೊಂದರ ಸಾಲ ತೀರಿಸಲಾಗದು.

ಆಸನಕ್ಕೆ ಅಂತಸ್ತೂ ಇದೆ ಎಂಬುದು ಪುರಾಣಕಾಲದಿಂದ ನಡೆದುಬಂದ ಸಂಗತಿ. ಒಂದೇ ರಥದಲ್ಲಿ ರಥಿಕನ ಸ್ಥಾನ ಬೇರೆ, ಸಾರಥಿಯ ಸ್ಥಾನ ಬೇರೆ. ಕರ್ಣನಿಗೆ ಸಾರಥಿಯಾಗೆಂದು ಕೇಳಿದಾಗ ಶಲ್ಯನಿಗೆ ಬಂದ ಕೋಪ ಬರಿಯ ಆಸನದ ಕೋಪ. ನಮ್ಮ ಮುಧೋಳದ ರನ್ನ ತನ್ನ ಗದಾಯುದ್ಧದಲ್ಲಿ ಆಸನಗಳನ್ನೆಲ್ಲ ಕಳೆದುಕೊಂಡ ಚಕ್ರವರ್ತಿಯನ್ನು ತೋರಿಸಿದ್ದಾನೆ. ಸಿಂಹಾಸನವಿದ್ದವನು, ರಥಗಳಿದ್ದವನು, ಹೆಣಗಳು ತುಂಬಿದ ರಣರಂಗದಲ್ಲಿ ಸಂಜಯನ ಆಸರೆಯಿಂದ ಕಾಲ್ನಡಿಗೆಯಲ್ಲಿ ಎಡವುತ್ತ ಹೋಗುತ್ತಾನೆ. ಅಲ್ಲಿ ಅವನಿಗೆ ಉಳಿದ ಇಂಬು ಸಂಜಯನೊಬ್ಬನೇ.

ಪುರಾಣವನ್ನು ಬಿಟ್ಟು ಚರಿತ್ರೆಗೆ ಬಂದರೆ ಮಾತು ಕಠಿಣವಾಗುತ್ತದೆ. ಮಿರಜಿನಿಂದ ಪುಣೆಯ ಕಡೆಗೆ ಹೋಗುವ ರೈಲುದಾರಿಯಲ್ಲಿ, ಸಾತಾರಾ ಜಿಲ್ಲೆಯಲ್ಲಿ, ಮಸೂರ ಎಂಬ ನಿಲ್ದಾಣವಿದೆ. 1901ರಲ್ಲಿ ಬಾಲಕ ಅಂಬೇಡ್ಕರರು ಅಣ್ಣನೊಡನೆ, ಅಕ್ಕನ ಮಕ್ಕಳೊಡನೆ ಅಲ್ಲಿ ಇಳಿದರು. ದೂರದ ಊರಿನಲ್ಲಿ ನೌಕರಿಯಲ್ಲಿದ್ದ ತಂದೆಯ ಬಳಿಗೆ ಹೋಗಲು ಅವರಿಗೆ ಎತ್ತಿನ ಗಾಡಿ ಬೇಕಾಗಿತ್ತು. ಗಾಡಿಗಳಿದ್ದವು, ಗಾಡಿಗಳಲ್ಲಿ ಜಾಗವಿತ್ತು, ಮಕ್ಕಳ ಕೈಯಲ್ಲಿ ಹಣವೂ ಇತ್ತು. ಮಕ್ಕಳ ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಒಪ್ಪಲಿಲ್ಲ. ಕಡೆಗೆ ಒಬ್ಬ ಒಪ್ಪಿದ್ದು ಇಮ್ಮಡಿ ಬಾಡಿಗೆಗೆ. ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಜೊತೆಗೆ ನಡೆದು ಬರುತ್ತೇನೆ ಎಂಬ ಕರಾರಿನ ಮೇಲೆ. ಅಂಬೇಡ್ಕರರೇ ಇದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಚಕ್ಕಡಿಯ ಕೌದಿಯನ್ನೂ, ಏರಿನಲ್ಲಿ ಎಲ್ಲರೂ ಸರಿಯುತ್ತಿದ್ದ ಸೌಜನ್ಯವನ್ನೂ ಆಗಲೇ ಬಣ್ಣಿಸಿದ ನಾನು ಈ ಪ್ರಸಂಗವನ್ನು ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಎತ್ತಿನ ಕೊರಳಿಗೆ ನೋವಾದೀತೆಂದು ಸರಿದು ಕುಳಿತ ಸಮಾಜವೇ ಮನುಷ್ಯರ ಮಕ್ಕಳಿಗೆ ಇಂಬಿಲ್ಲವೆಂದಿತು. ಮುಂದೆ ಅಮೆರಿಕದ ಮಾಂಟ್‌ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಸ್ಸಿನ ಆಸನದಿಂದ ಏಳುವುದಿಲ್ಲವೆಂದಾಗಲೂ ಪ್ರಶ್ನೆ ಮೆತ್ತೆಯದಾಗಿರಲಿಲ್ಲ.

ಇಂಥ ಪ್ರಶ್ನೆ ನಮ್ಮ ಕಣ್ಣೆದುರಿಗೂ ಇದೆ. ಸಮೀರವಾಡಿಯಲ್ಲಿ ಸೋಮೈಯಾ ಮನೆತನದವರ ಗೋದಾವರಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ನಮ್ಮ ಸೀಮೆಯ ದಾರಿಗಳು ಕಬ್ಬಿನ ದಾರಿಗಳಾದವು. ಈಗ ಘಟಪ್ರಭೆಯಿಂದ ಕೃಷ್ಣೆಯವರೆಗೂ ಹಲವು ಕಾರ್ಖಾನೆಗಳಿವೆ. ಹಂಗಾಮು ಬಂತೆಂದರೆ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳು, ಲಾರಿಗಳು, ಟೈರಿನ ಗಾಡಿಗಳು ಹಗಲಿರುಳು ಸಾಲುಗಟ್ಟುತ್ತವೆ. ಕಬ್ಬು ಕಡಿಯುವ ಗ್ಯಾಂಗುಗಳು ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದಲೂ ನಮ್ಮವೇ ಜಿಲ್ಲೆಗಳ ತಾಂಡಾಗಳಿಂದಲೂ ಹೆಂಡತಿ ಮಕ್ಕಳೊಡನೆ ಕರ್ನಾಟಕದ ಕಬ್ಬಿನ ಸೀಮೆಗಳಿಗೆ ಬರುತ್ತವೆ. ಅವರು ಬರುವುದು ಬಹುಮಟ್ಟಿಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ಇಲ್ಲವೆ ಲಾರಿಯಲ್ಲಿ. ಪಾತ್ರೆ, ಹಾಸಿಗೆ, ಕೋಳಿ, ಆಡುಗಳ ನಡುವೆ ಅವರೂ ಒಂದು ಸರಕು. ಸರಕು ಸಾಗಿಸುವ ವಾಹನದಲ್ಲಿ ಜನರನ್ನು ಸಾಗಿಸಬಾರದೆಂದು ಕಾನೂನಿದೆ. ಟ್ರೇಲರಿಗೆ ಸ್ಪ್ರಿಂಗಿನ ಸುಖವಿಲ್ಲ, ಒರಗಿಲ್ಲ, ಹಿಡಿದುಕೊಳ್ಳಲು ಕಂಬಿಯಿಲ್ಲ. ಉರುಳಿದರೆ ಹಿಡಿದು ನಿಲ್ಲಿಸುವಂಥದು ಏನೂ ಇಲ್ಲ. ನಾನು ಇಷ್ಟು ಹೊತ್ತು ಲೆಕ್ಕ ಹಾಕಿದ ಆಸನದ ಎತ್ತರ, ಒರಗಿನ ಓರೆ, ಕಾಲಿನ ಎಡೆ ಇವು ಯಾವುವೂ ಅವರ ಪ್ರಯಾಣಕ್ಕೆ ಅನ್ವಯಿಸುವುದಿಲ್ಲ.

ಚಳಿಗಾಲದ ನಸುಕಿನಲ್ಲಿ ತಿರುಗಾಡಲು ಹೋದಾಗ ಕಬ್ಬು ಹೇರಿದ ಎತ್ತಿನ ಗಾಡಿಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗಂಡ ಗಾಡಿ ಹೊಡೆಯುತ್ತಿರುತ್ತಾನೆ. ಹೆಂಡತಿ ಕೆಲವೊಮ್ಮೆ ಕೆಳಗೆ ನಡೆಯುತ್ತಿರುತ್ತಾಳೆ. ಆಳೆತ್ತರಕ್ಕೂ ಮೀರಿದ ಕಬ್ಬಿನ ರಾಶಿಯ ಮೇಲೆ ಕೌದಿಯೊಳಗೆ ಒಂದು ಮಗು ಮಲಗಿರುತ್ತದೆ. ಕೆಳಗೆ ಗಾಲಿಗಳಿಗೆ ಗಾಳಿ ತುಂಬಿದ ಟೈರು. ಕೇಳುಗರೆ, ಆ ಟೈರು ಹುಟ್ಟಿದ್ದು ಒಂದು ಮಗುವಿಗಾಗಿ ಎಂದು ಆಗ ಹೇಳಿದೆನಲ್ಲ. ಈಗ ಅದು ಕಬ್ಬಿಗೆ ಮೆತ್ತೆಯಾಗಿದೆ, ಎತ್ತಿನ ಭಾರವನ್ನು ಹಗುರ ಮಾಡಿದೆ, ಅದು ಒಳ್ಳೆಯದೇ. ಮಗುವಿಗೆ ಮಾತ್ರ ಅದರ ಮೇಲೆ ಗೊತ್ತಾದ ಜಾಗವಿಲ್ಲ. ತಾಯಿತಂದೆಗಳು ಹಾಸಿದ ಕೌದಿಯೇ ಅದಕ್ಕೆ ಇಂಬು. ಆ ಎತ್ತರದಿಂದ ಜಾರಿದರೆ ಕೌದಿ ಹಿಡಿದುಕೊಳ್ಳಲಾರದು.

ಇದಕ್ಕೆ ದೊಡ್ಡ ಸಂಶೋಧನೆಯೇನೂ ಬೇಕಾಗಿಲ್ಲ. ಹಂಗಾಮಿನ ಆರಂಭದಲ್ಲಿ ಮತ್ತು ಕೊನೆಯಲ್ಲಿ ಗ್ಯಾಂಗಿನವರನ್ನು ಕರೆತಂದು ಮರಳಿ ಮುಟ್ಟಿಸಲು ಬಸ್ಸುಗಳನ್ನು ಗೊತ್ತುಮಾಡುವುದು, ಸಾಮಾನಿಗೆ ಬೇರೆ ಗಾಡಿ ಕೊಡುವುದು, ಮಕ್ಕಳನ್ನು ಹಗಲಿರುಳು ನೋಡಿಕೊಳ್ಳಲು ಬೀಡಾರದ ಸಮೀಪ ಒಂದು ನೆಲೆ ಮಾಡುವುದು, ಇಷ್ಟನ್ನು ಸರಕಾರವೂ ಕಬ್ಬಿನ ವ್ಯವಹಾರದಲ್ಲಿ ಪಾಲುಳ್ಳ ಎಲ್ಲರೂ ಕೂಡಿ ಮಾಡಬಹುದು. ಆ ಪಾಲುದಾರರಲ್ಲಿ ಕಬ್ಬು ಬೆಳೆಯುವ ನಾವೂ ಇದ್ದೇವೆ, ಚಹಕ್ಕೆ ಸಕ್ಕರೆ ಹಾಕಿಕೊಳ್ಳುವ ನೀವೂ ಇದ್ದೀರಿ.

ಕೊನೆಯದಾಗಿ, ವಾಹನ ಕೊಳ್ಳಬೇಕೆಂದಿರುವವರಿಗೆ ಒಂದು ಸೂಚನೆ. ಅಂಗಡಿಗೆ ಹೋಗುವಾಗ ಮನೆಯ ಹಿರಿಯ ಅಜ್ಜಿಯನ್ನು ಕರೆದುಕೊಂಡು ಹೋಗಿರಿ. ಬಾಗಿಲು ತೆರೆದು ಅವರನ್ನು ಹಿಂದಿನ ಆಸನದಲ್ಲಿ ಕೂಡಿಸಿರಿ. ತಲೆ ತಗಲದೆ ಒಳಗೆ ಹೋದರೇ, ಪಾದ ನೆಲಕ್ಕೆ ಮುಟ್ಟಿತೇ, ಸೊಂಟ ಒರಗಿಗೆ ಹತ್ತಿತೇ, ಯಾರ ಕೈಯನ್ನೂ ಹಿಡಿಯದೆ ಇಳಿದರೇ ನೋಡಿರಿ. ಈ ನಾಲ್ಕರಲ್ಲಿ ಅವರು ತೇರ್ಗಡೆಯಾದರೆ ಆ ವಾಹನ ಮನೆಯ ಎಲ್ಲರಿಗೂ ಸರಿಯಾಗುತ್ತದೆ. ಬಸ್ಸುಗಳನ್ನು ಕಟ್ಟಿಸುವವರೂ ಇದೇ ಪರೀಕ್ಷೆಯನ್ನು ಮಾಡಬೇಕೆಂದು ನನ್ನ ವಿನಂತಿ. ಬಲಿಷ್ಠನಿಗೆ ಎಲ್ಲಿಯಾದರೂ ಜಾಗ ಸಿಕ್ಕೀತು. ಮುದುಕಿಗೆ, ರೋಗಿಗೆ, ಕಬ್ಬಿನ ಗಾಡಿಯ ಮೇಲಿನ ಆ ಮಗುವಿಗೆ ಎಲ್ಲಿ ಇಂಬಿದೆಯೋ ಅದೇ ಒಳ್ಳೆಯ ವಾಹನ.